ಊಟ ಆಯ್ತಾ ಎಂಬ ಕಸ

ಬಾಳೆಲೆಯನ್ನು ಕೆಂಡದ ಮೇಲೆ ಆಡಿಸಿ ಬಾಡಿಸುವಾಗ ಒಂದು ಪರಿಮಳ ಬರುತ್ತದೆ. ಹಸಿ ಎಲೆಯದ್ದೂ ಅಲ್ಲ, ಸುಟ್ಟ ಎಲೆಯದ್ದೂ ಅಲ್ಲ, ಎರಡರ ನಡುವಿನದ್ದು. ನನ್ನ ತಂದೆ ಬಸ್ ಕಂಡಕ್ಟರ್ ಆಗಿದ್ದರು. ಬೆಳಗಿನ ಮೊದಲ ಬಸ್ಸು ಅವರದ್ದು. ಅಮ್ಮ ಎಲೆ ಬಾಡಿಸಿ, ಕುಚ್ಚಲಕ್ಕಿಯ ಬಿಸಿ ಅನ್ನ, ಚಟ್ನಿ, ಒಂದು ತುಂಡು ಉಪ್ಪಿನಕಾಯಿ ಇಟ್ಟು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ನನಗೆ ಎಚ್ಚರವಾಗುತ್ತಿದ್ದದ್ದು ಕೋಳಿ ಕೂಗಿಗಲ್ಲ, ಆ ಪರಿಮಳಕ್ಕೆ. ಈಗ ಎಲ್ಲರೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅನ್ನ ಕಟ್ಟುವುದರಿಂದ ಅದು ನನ್ನ ಮೂಗಿಗೆ ಬೀಳದೆ ಎಷ್ಟೋ ಕಾಲವಾಗಿತ್ತು. ಮೊನ್ನೆ ಸಿಕ್ಕಿತು, ಸಿಗುವ ಜಾಗವೇ ಅಲ್ಲದ ಜಾಗದಲ್ಲಿ! ಅದು ಹೇಗೆಂದು ಹೇಳಬೇಕಾದರೆ ಅಚ್ಚುತನಿಂದ ಶುರು ಮಾಡಬೇಕು.

ತಡ್ಪೆ ಎಂದರೆ ತುಳುವಿನಲ್ಲಿ ಅಕ್ಕಿ ಕೇರುವ ಮೊರ. ಆ ಹೆಸರಿನ ಆನ್‌ಲೈನ್ ಅಂಗಡಿಯೊಂದು ನಮ್ಮ ಪುತ್ತೂರಿನಲ್ಲಿ ಉಂಟು. ಯಜಮಾನ ಮಶೂದ್, ಗಲ್ಫಿನಲ್ಲಿ ಸ್ವಲ್ಪ ಕಾಲ ಇದ್ದು, ಬಿಸಿಲು ಸಾಕಾಗಿ ಊರಿಗೆ ಬಂದವನು. ಕುಕ್ಕರ್, ದೋಸೆ ಕಾವಲಿ, ಕೊಡೆ, ಹಲಸಿನ ಹಪ್ಪಳ, ಪುನರ್ಪುಳಿ ಸಿರಪ್, ಇಂಥದ್ದನ್ನೆಲ್ಲ ಫೋನಿನಲ್ಲಿ ಒತ್ತಿದರೆ ಮರುದಿನ ತಡ್ಪೆಯ ವ್ಯಾನು ಮನೆಗೆ ತಂದುಕೊಡುತ್ತದೆ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿಗೆ ಮಾತ್ರ. ಅದರಾಚೆ ಪ್ರಪಂಚ ಇರುವುದು ಮಶೂದ್‌ಗೆ ಗೊತ್ತು, ಆದರೆ ಅಲ್ಲಿಗೆ ವ್ಯಾನು ಹೋಗುವುದಿಲ್ಲ.

ಬಂದ ಸಾಮಾನು ಒಡೆದಿದ್ದರೆ, ಬಾರದೆ ಇದ್ದರೆ, ಬೇರೆಯೇ ಏನೋ ಬಂದಿದ್ದರೆ ಗಿರಾಕಿಗಳು ವಾಟ್ಸಾಪ್ ಮಾಡುತ್ತಾರೆ. ಫೋನೇ ಮಾಡಿದರೆ, ರೆಕಾರ್ಡ್ ಮಾಡಿಟ್ಟ ಭವಿತಾಳ ದನಿ ‘ದಯವಿಟ್ಟು ವಾಟ್ಸಾಪ್ ಮಾಡಿ’ ಎಂದು ಹೇಳಿ ಇಟ್ಟುಬಿಡುತ್ತದೆ. ಆ ದನಿಯನ್ನು ಕೇಳಿದ ಅವಳ ಅತ್ತೆ, “ಮನೆಯಲ್ಲಿ ಇಷ್ಟು ಮರ್ಯಾದೆಯಲ್ಲಿ ಮಾತಾಡುದು ನಾನು ಕೇಳ್ಲೇ ಇಲ್ಲ” ಎಂದಿದ್ದರಂತೆ. ವಾಟ್ಸಾಪಿಗೆ ಉತ್ತರ ಕೊಡುವವರು ನಾವು ಮೂವರು: ಭವಿತಾ, ಕಡಬದಿಂದ ಬಸ್ಸಿನಲ್ಲಿ ಬರುವ ನಶೀದಾ, ಮತ್ತು ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದ ನಾನು, ಎಲ್ಲರ ಪ್ರೇಮಕ್ಕ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಆಫೀಸು. ನಾನು ಸೇರಿದ ಎರಡನೇ ದಿನವೇ ನನ್ನ ಕುರ್ಚಿಯ ಮೇಲೆ ಒಂದು ದಿಂಬು ಬಂದು ಕೂತಿತ್ತು. ಯಾರು ತಂದದ್ದೆಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ದಿಂಬಿನ ಕವರಿಗೂ ನಶೀದಾಳ ಊಟದ ಚೀಲಕ್ಕೂ ಒಂದೇ ಬಟ್ಟೆ.

ನಶೀದಾಳದ್ದು ಇನ್ನೊಂದು ವಿಷಯ ಉಂಟು. ಅವಳ ಮನೆಯಿಂದ ಕೆಲಸಕ್ಕೆಂದು ಹೊರಟ ಮೊದಲ ಹೆಂಗಸು ಅವಳು. ಮಾವ ಇಬ್ರಾಹಿಂ ಬ್ಯಾರಿಯವರು ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಅವಳನ್ನು ಬಸ್ಸಿಗೆ ಬಿಡುತ್ತಾರೆ. ದಾರಿಯಲ್ಲಿ ಯಾರಾದರೂ ಎಲ್ಲಿಗೆ ಎಂದು ಕೇಳಲಿ ಎಂದೇ ನಿಧಾನವಾಗಿ ಓಡಿಸುತ್ತಾರೆ. ಕೇಳಿದರೆ, “ನಮ್ಮ ಆಫೀಸರನ್ನು ಬಿಡ್ಲಿಕ್ಕೆ.”

ನಮ್ಮ ಮೂವರ ಮೇಲೆ ಅಚ್ಚುತ. ಸುಳ್ಯದ ಹತ್ತಿರದ ಮರ್ಕಂಜದವನು. ನಲವತ್ತರ ಆಚೀಚೆಯ ವಯಸ್ಸು, ಒಳ್ಳೆಯ ಮನಸ್ಸು. ಯಾವ ಕೆಲಸವನ್ನೂ ಸಾಕಷ್ಟು ಮಾಡಿ ನಿಲ್ಲಿಸಿದವನಲ್ಲ. ಒಮ್ಮೆ ಆಫೀಸಿನ ಫ್ಯಾನಿನ ಧೂಳು ಒರೆಸಲು ಹತ್ತಿ, ಧೂಳಿನ ಜೊತೆಗೆ ಫ್ಯಾನನ್ನೂ ಇಳಿಸಿಕೊಂಡು ಬಂದಿದ್ದ.

ಅಂಥವನು ಒಂದು ಬೆಳಿಗ್ಗೆ ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಬಂದ.

“ಪ್ರೇಮಕ್ಕ! ಭವಿತಾ! ಎಲ್ಲರೂ ಮೌಸ್ ಬಿಡಿ! ಯಾರೂ ಎಂತದೂ ಮುಟ್ಬೇಡಿ!”

“ಎಂತಾಯ್ತು ಅಚ್ಚುತಣ್ಣ, ಕರೆಂಟ್ ಹೊಡಿತದಾ?” ಎಂದು ಭವಿತಾ ಕಾಲು ಮೇಲೆತ್ತಿ ಕೂತಳು.

“ಕರೆಂಟಲ್ಲ, ಕಸ! ನಾವು ಕಸದಲ್ಲಿ ಕೂತಿದ್ದೇವೆ ಮಾರಾಯ್ತಿ!”

ನಶೀದಾ ನೆಲ ನೋಡಿದಳು. ಗುಡಿಸಿಯಾಗಿತ್ತು.

ವಿಷಯ ಇಷ್ಟೇ. ಹಿಂದಿನ ದಿನ ಅವನು ಆನ್‌ಲೈನಿನಲ್ಲಿ ಒಂದು ತರಗತಿಗೆ ಕೂತಿದ್ದ. ಅಂಗಡಿಯ ಗಿರಾಕಿಗಳ ವಿಚಾರವನ್ನೆಲ್ಲ ಇಟ್ಟುಕೊಳ್ಳುವ ಸಾಫ್ಟ್‌ವೇರಿನ ಪರದೆಯನ್ನು ಸ್ವಚ್ಛವಾಗಿ ಇಟ್ಟುಕೊಳ್ಳುವುದು ಹೇಗೆ ಎಂಬ ತರಗತಿ. ಹೇಳಿಕೊಟ್ಟ ಹುಡುಗಿಯ ಹಿಂದೆ ಬಿಳಿ ಗೋಡೆ, ಒಂದೇ ಒಂದು ಗಿಡ. ಆ ಗೋಡೆಯನ್ನು ನೋಡಿಯೇ ಅವನಿಗೆ ಅರ್ಧ ಜ್ಞಾನೋದಯವಾಗಿತ್ತು. ಉಳಿದರ್ಧ, ಅವಳು “ನಿಮ್ಮ ತಂಡ ದಿನಾ ನೋಡುವ ಪರದೆಯಲ್ಲಿ ಬೇಡದ್ದು ಎಷ್ಟಿದೆ?” ಎಂದು ಕೇಳಿದಾಗ ಆಯಿತಂತೆ.

ನ್ಯಾಯವಾಗಿ ಹೇಳುವುದಾದರೆ ನಮ್ಮ ಪರದೆ ಸಂತೆಯ ಹಾಗೇ ಇತ್ತು. ಗಿರಾಕಿಗಳ ಒಂದೇ ರಾಶಿಯನ್ನು ಬೇರೆ ಬೇರೆ ಕಿಟಕಿಯಿಂದ ನೋಡುವ ವ್ಯವಸ್ಥೆ ಆ ಸಾಫ್ಟ್‌ವೇರಿನಲ್ಲಿ ಉಂಟು. ಆ ಕಿಟಕಿಗೆ ವ್ಯೂ ಎಂದು ಹೆಸರು. ಯಾರು ಬೇಕಾದರೂ ಹೊಸ ವ್ಯೂ ಮಾಡಿಕೊಳ್ಳಬಹುದು. ಅಷ್ಟು ಸಾಕಾಯಿತು ನಮಗೆ. ‘ಭವಿತಾಳದ್ದು’, ‘ಭವಿತಾಳದ್ದು ಹೊಸತು’, ‘ನಾಳೆ ನೋಡುವ’, ‘ನಾಳೆ ಖಂಡಿತ ನೋಡುವ’, ‘ಇದನ್ನು ಮುಟ್ಟಬೇಡಿ’, ‘ಇದನ್ನೂ’. ಒಂದು ವ್ಯೂವಿನ ಹೆಸರು ಬರೀ ‘ಅಯ್ಯೋ’. ಅದರಲ್ಲಿ ಏನಿತ್ತೆಂದು ಕೊನೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ. ಗಿರಾಕಿಯ ಹೆಸರಿನ ಮುಂದೆ ಸಾಲಾಗಿ ಖಾನೆಗಳು: ಊರು, ಮನೆಯ ಹೆಸರು, ಜನ್ಮದಿನ, ಫ್ಯಾಕ್ಸ್ ನಂಬರು. ಗುತ್ತಿಗಾರಿನಂಥ ಕಾಡಂಚಿನ ಊರಿನ ಯಾವ ಮನೆಯಲ್ಲಿ ಫ್ಯಾಕ್ಸ್ ಉಂಟು? ಈ ಖಾನೆಗಳನ್ನೆಲ್ಲ ದಾಟಿ ಗಿರಾಕಿ ಏನು ಹೇಳಿದ್ದಾನೆ ಎಂದು ನೋಡಬೇಕಾದರೆ ಪರದೆಯನ್ನು ಬಲಕ್ಕೆ ಎಳೆಯುತ್ತಾ ಎಳೆಯುತ್ತಾ ಸುಬ್ರಹ್ಮಣ್ಯದವರೆಗೆ ಹೋಗಬೇಕಿತ್ತು.

“ನಮ್ಮ ಅಂಗಡಿಯ ಹೆಸರೇ ತಡ್ಪೆ. ನಾವೇ ಕೇರದಿದ್ರೆ ಹೇಗೆ?” ಎಂದು ಅಚ್ಚುತ ತೋಳು ಮಡಚಿದ.

ಕೇರಿದ. ಫ್ಯಾಕ್ಸ್ ಹೋಯಿತು, ಜನ್ಮದಿನ ಹೋಯಿತು, ‘ಅಯ್ಯೋ’ ಹೋಯಿತು. ಉಳಿದದ್ದು ಒಂದೇ ವ್ಯೂ, ಮೂರೇ ಖಾನೆ: ಹೆಸರು, ಊರು, ಸಂದೇಶದ ಮೊದಲ ಸಾಲು. ಏನು ಚಂದ! ತಲೆಗೆ ಎಣ್ಣೆ ಹಚ್ಚಿ ಬಾಚಿದ ಹಾಗೆ. ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಕೆಳಗಿನ ಜವಳಿ ಅಂಗಡಿಯವರು ಯಾರದ್ದೋ ಹುಟ್ಟುಹಬ್ಬವೆಂದು ಹತ್ತಿ ಬಂದರು. ಬಂದವರಿಗೆ ಚಾ ಕೊಟ್ಟೆವು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮಧ್ಯಾಹ್ನ ಅಚ್ಚುತ ಆ ಮೂರನೇ ಖಾನೆಯನ್ನೇ ನೋಡುತ್ತಾ ಕೂತಿದ್ದ. ಅದರಲ್ಲಿ ಮೇಲಿಂದ ಕೆಳಗೆ ಹೀಗಿತ್ತು: ಊಟ ಆಯ್ತಾ? ಊಟ ಆಯ್ತಾ? ಸೌಖ್ಯವಾ? ಮಳೆ ಉಂಟಾ? ಊಟ ಆಯ್ತಾ? ಚಾ ಆಯ್ತಾ? ಊಟ ಆಯ್ತಾ?

“ನೋಡಿ ಪ್ರೇಮಕ್ಕ. ಇದಕ್ಕೆಲ್ಲ ಆಫೀಸು ಎಂತಕ್ಕೆ? ಇಡೀ ತಾಲೂಕಿನವರು ನಮ್ಮ ಊಟ ವಿಚಾರಿಸ್ಲಿಕ್ಕೆ ಕೂತಿದ್ದಾರೆ. ಕೆಲಸದ ಮಾತು ಒಂದಾದ್ರೂ ಉಂಟಾ?”

“ಪಾಪ, ಪ್ರೀತಿಯಲ್ಲಿ ಕೇಳುದಲ್ವಾ?” ಎಂದಳು ನಶೀದಾ.

“ಪ್ರೀತಿ ಬೇಡ ಅಂತ ಹೇಳ್ಲಿಲ್ಲ. ಪ್ರೀತಿಗೆ ಬೇರೆ ಜಾಗ ಕೊಡುವ.”

ಎಂದವನೇ ಅವನು ಸಾಫ್ಟ್‌ವೇರಿಗೆ ಒಂದು ನಿಯಮ ಕಲಿಸಿದ. ಊಟ ಆಯ್ತಾ, ಚಾ ಆಯ್ತಾ, ಸೌಖ್ಯವಾ, ಮಳೆ ಉಂಟಾ, ಇಂಥ ಮಾತು ಇರುವ ಸಂದೇಶಗಳೆಲ್ಲ ತಾವಾಗಿ ‘ಸುಮ್ಮನೆ ಮಾತು’ ಎಂಬ ಬೇರೆ ವ್ಯೂವಿಗೆ ಹೋಗಿ ಬೀಳಬೇಕು. ಆ ವ್ಯೂ ಯಾರ ಕಣ್ಣಿಗೂ ಬೀಳಬಾರದು. ಬಿಡುವಾದಾಗ ತೆರೆದು ಎಲ್ಲರಿಗೂ ಒಟ್ಟಿಗೆ ‘ಆಯ್ತು’ ಎಂದು ಕಳಿಸಿದರಾಯಿತು.

ನಾನು ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದವಳು. ಒಂದು ಕರೆಗೆ ಮೂರು ನಿಮಿಷ. ನಮ್ಮವರು ಮೊದಲ ನಿಮಿಷ ಊಟ ವಿಚಾರಿಸಿ, ಎರಡನೇ ನಿಮಿಷ ಮಳೆ ವಿಚಾರಿಸಿ, ಮೂರನೆಯದು ಮುಗಿಯುವ ಹೊತ್ತಿಗೆ “ಅಜ್ಜ ಹೋದ್ರು, ಹೊರಟು ಬಾ” ಎನ್ನುತ್ತಿದ್ದರು. ಇದನ್ನು ಕಿವಿಯಾರೆ ಕೇಳಿದವಳು, ಮೇಲಾಗಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು, ಅಚ್ಚುತನ ಪಕ್ಕದಲ್ಲೇ ದಿಂಬಿನ ಮೇಲೆ ಕೂತು “ಒಳ್ಳೆ ಉಪಾಯ” ಎಂದೆ. ಚಾ ಕೂಡ ಕುಡಿದೆ.

ಮರುದಿನ ಪರದೆಯಲ್ಲಿ ಒಬ್ಬರೇ ಒಬ್ಬರಿದ್ದರು. ಸುಬ್ರಹ್ಮಣ್ಯಕ್ಕೆ ಹೊಸದಾಗಿ ವರ್ಗವಾಗಿ ಬಂದ, ಎಲ್ಲಿಯದ್ದೋ ದೂರದ ಊರಿನ ಅಧಿಕಾರಿ. ‘ಬಕೆಟ್ ಬಂದಿಲ್ಲ’ ಎಂದು ಎರಡೇ ಶಬ್ದ ಬರೆದಿದ್ದರು. “ಎಂತ ಒರಟು ಮನುಷ್ಯ!” ಎಂದು ನಾವೆಲ್ಲ ಬೈದು, ಬಕೆಟ್ ಕಳಿಸಿದೆವು. ಆಮೇಲೆ ಪರದೆ ಖಾಲಿ. ಅದರ ಮರುದಿನವೂ ಖಾಲಿ.

“ದೂರೇ ಇಲ್ಲ!” ಅಚ್ಚುತ ಕುರ್ಚಿಯಿಂದ ಎದ್ದು ನಿಂತ. “ಪರದೆ ಚೊಕ್ಕ ಮಾಡಿದ್ದಕ್ಕೆ ದೂರೇ ನಿಂತುಹೋಯ್ತು!”

ಇವೆರಡಕ್ಕೂ ಸಂಬಂಧ ಹೇಗೆ ಎಂದು ಯಾರೂ ಕೇಳಲಿಲ್ಲ. ಒಳ್ಳೆಯ ಸುದ್ದಿಗೆ ನಮ್ಮಲ್ಲಿ ಕಾರಣ ಕೇಳುವ ಪದ್ಧತಿ ಇಲ್ಲ.

ಸುದ್ದಿ ಮಶೂದ್‌ಗೆ ಹೋಯಿತು. ಮಶೂದ್‌ನಿಂದ ಮೀನು ಮಾರ್ಕೆಟ್ಟಿಗೆ, ಅಲ್ಲಿಂದ ವರ್ತಕರ ಸಂಘದ ಅಧ್ಯಕ್ಷರಿಗೆ. ಮುಂದಿನ ಭಾನುವಾರ ಸಂಘದ ವಾರ್ಷಿಕ ಸಭೆಯಲ್ಲಿ ‘ದೂರುರಹಿತ ಸಂಸ್ಥೆ’ ಎಂದು ತಡ್ಪೆಗೆ ಸನ್ಮಾನ ಎಂದು ನಿಶ್ಚಯವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಅಚ್ಚುತ ತನ್ನ ಖಾಲಿ ಪರದೆಯನ್ನು ವೇದಿಕೆಯ ಮೇಲೆ ದೊಡ್ಡದಾಗಿ ತೋರಿಸಿ ಭಾಷಣ ಮಾಡಬೇಕು. ಅವನು ಆ ಸಂಜೆಯೇ ಹೊಸ ಷರ್ಟಿಗೆ ಅಳತೆ ಕೊಟ್ಟ.

ಬುಧವಾರ ಮಶೂದ್ ಆಫೀಸಿಗೆ ಬಂದ. ಕೈಯಲ್ಲಿ ಬಿಸಿ ಚಟ್ಟಂಬಡೆಯ, ಅಂದರೆ ಕಡಲೆಬೇಳೆ ವಡೆಯ, ಪೊಟ್ಟಣ. ಅವನು ಪೊಟ್ಟಣ ಬಿಡಿಸುವ ರೀತಿಯಲ್ಲೇ ನನಗೆ ಏನೋ ಸಂಶಯ ಬಂತು. ಕೆಟ್ಟ ಮಾತು ಹೇಳಲಿಕ್ಕಿರುವವರು ಕಾಗದವನ್ನು ಅಷ್ಟು ನಿಧಾನವಾಗಿ ಮಡಚುತ್ತಾರೆ.

“ಪ್ರೇಮಕ್ಕ, ತಪ್ಪು ತಿಳ್ಕೊಳ್ಬೇಡಿ. ದೂರೇ ಇಲ್ಲ ಅಂತ ಆದ್ಮೇಲೆ, ಉತ್ತರ ಕೊಡ್ಲಿಕ್ಕೆ ಇಷ್ಟು ಜನ ಎಂತಕ್ಕೆ ಅಂತ... ನೀವೇ ಹೇಳಿ. ಈ ತಿಂಗಳ ಕೊನೆಗೆ... ಭಾನುವಾರ ಸಭೆಯಲ್ಲಿ ಅದನ್ನೂ ಹೇಳುವ ಅಂತ ಉಂಟು. ಒಬ್ಬನೇ ನಡೆಸುವ ಕಸ್ಟಮರ್ ಕೇರ್ ಅಂತ.”

ಭವಿತಾ ಚಟ್ಟಂಬಡೆಯನ್ನು ಕೆಳಗಿಟ್ಟಳು. ನಶೀದಾ ಪರದೆಯನ್ನೇ ನೋಡುತ್ತಿದ್ದಳು.

ನನಗೆ ಪಿಂಚಣಿ ಉಂಟು. ಧೈರ್ಯ ಮಾಡಿ ಹೇಳಿದೆ: “ಮಶೂದ್, ಹಾಗಾದ್ರೆ ನಾನು ಬಿಡ್ತೇನೆ ಮಾರಾಯ. ಈ ಮಕ್ಕಳು ಇರ್ಲಿ.”

“ನಿಮ್ಮನ್ನೂ ಸೇರಿಸಿಯೇ ಹೇಳಿದ್ದು ಪ್ರೇಮಕ್ಕ” ಎಂದ ಅವನು, ಬಹಳ ಬೇಸರದಲ್ಲಿ.

ನನ್ನ ತ್ಯಾಗ ಹೀಗೆ ಬಾಗಿಲಲ್ಲೇ ಮುಗಿಯಿತು.

ಮಶೂದ್ ಹೋದ ಮೇಲೆ ಅಚ್ಚುತನ ಮುಖ ನೋಡಬೇಕಿತ್ತು. ಹೊಸ ಷರ್ಟಿನ ಅಳತೆ ಕೊಟ್ಟು ಬಂದ ಮನುಷ್ಯ, ಹಳೆಯ ಷರ್ಟಿನೊಳಗೇ ಸಣ್ಣಗಾಗಿದ್ದ.

“ನನ್ನಿಂದ ಆದದ್ದು ಇದು. ನಿಮ್ಮ ಮೂರು ಜನರ ಕೆಲಸ ಕೇರಿ ಬಿಸಾಡಿದೆ ನಾನು.”

ನಶೀದಾ ಸಣ್ಣ ದನಿಯಲ್ಲಿ ಹೇಳಿದಳು: “ಮನೆಯಲ್ಲಿ ಮಾವನಿಗೆ ಹೇಗೆ ಹೇಳುದು ಅಂತ ಗೊತ್ತಾಗುದಿಲ್ಲ. ಅವರು ನನಗೆ ಅಂತ ಸ್ಕೂಟರಿಗೆ ಹೊಸ ಸೀಟ್ ಹಾಕಿಸಿದ್ದಾರೆ.”

“ದೂರು ಬಂದ್ರೆ ಮಾತ್ರ ನಾವು ಉಳಿಯುದು” ಎಂದಳು ಭವಿತಾ. “ನಾವೇ ಒಂದು ಬರೆದು ಹಾಕುವನಾ?”

“ಸುಳ್ಳು ಬೇಡ ಭವಿತಾ. ಇಷ್ಟು ದೊಡ್ಡ ಮೂರು ತಾಲೂಕಿನಲ್ಲಿ ನಿಜದ್ದೇ ಒಂದು ಸಿಕ್ಕದಾ?” ಎಂದಳು ನಶೀದಾ.

ಹೀಗೆ ನಾವು ದೂರು ಹುಡುಕಲು ಹೊರಟೆವು. ಗಿರಾಕಿಗಳ ತೃಪ್ತಿಗಾಗಿ ದುಡಿಯುವ ತಂಡವೊಂದು ಅತೃಪ್ತಿಗಾಗಿ ಮನೆಮನೆ ಅಲೆದದ್ದು ಇದೇ ಮೊದಲಿರಬೇಕು.

ನಾನು ಪಕ್ಕದ ಮನೆಯ ಸುಪ್ರಿತಾಳಲ್ಲಿಗೆ ಹೋದೆ. ತಡ್ಪೆಯಿಂದ ತರಿಸಿದ ಮಿಕ್ಸಿ ಅಡಿಗೆಮನೆಯಲ್ಲಿ ಇತ್ತು. ಅದರ ಮುಚ್ಚಳವನ್ನು ಸೆಣಬಿನ ಹಗ್ಗದಲ್ಲಿ ಕಟ್ಟಿದ್ದರು, ಮೇಲೆ ಒಂದು ಗುಂಡುಕಲ್ಲು.

“ಮಿಕ್ಸಿ ಹೇಗೆ ಉಂಟು ಸುಪ್ರಿತಾ?”

“ಚಂದ ಉಂಟು ಪ್ರೇಮಕ್ಕ.”

“ಈ ಕಲ್ಲು?”

“ಅದು ಹೀಗೇ... ಇಲ್ಲದಿದ್ರೆ ಮುಚ್ಚಳ ಮಾಡಿಗೆ ಹಾರ್ತದೆ. ಎಂತ ತೊಂದ್ರೆ ಇಲ್ಲ.”

“ತೊಂದ್ರೆ ಉಂಟು ಅಂತ ಒಂದು ಮಾತು ಬರಿ ಮಾರಾಯ್ತಿ!”

“ಛೆ ಛೆ, ನೀವು ಇರುವ ಅಂಗಡಿ. ಮುಖ ನೋಡಿಕೊಂಡು ಹಾಗೆ ಹೇಳ್ಲಿಕ್ಕುಂಟಾ? ಕೂತ್ಕೊಳ್ಳಿ, ಊಟ ಆಯ್ತಾ?”

ಎಲ್ಲ ಕಡೆ ಇದೇ ಕತೆ. ಜನರಿಗೆ ದೂರು ಇತ್ತು, ಹೇಳಲು ಮನಸ್ಸಿರಲಿಲ್ಲ. ಕೊನೆಗೆ ಅಚ್ಚುತ ಗುತ್ತಿಗಾರಿನ ತನ್ನ ಸೋದರಮಾವ ಬೋಜ ಗೌಡರಿಗೆ ಫೋನು ಮಾಡಿದ. ನಾವು ಮೂವರೂ ಸುತ್ತ ನಿಂತು ಕೇಳಿಸಿಕೊಂಡೆವು.

“ಮಾವ, ನೀವು ತಡ್ಪೆಯಿಂದ ಎಂತಾದ್ರೂ ತರಿಸಿದ್ದೀರಾ?”

“ತರಿಸಿದ್ದೇನೆ. ನಿನ್ನತ್ತೆಗೆ ಪುನರ್ಪುಳಿ ಸಿರಪ್.”

“ಹೇಗಿತ್ತು?”

“ಭಾರಿ ಲಾಯ್ಕ ಇತ್ತು.”

“ಸರಿಯಾಗಿ ಹೇಳಿ ಮಾವ, ನನ್ನಾಣೆ!”

ಆಚೆಯಿಂದ ಮಾವ ಗಂಟಲು ಸರಿಮಾಡಿಕೊಂಡರು. ಆಮೇಲೆ, “ಇತ್ತು ಅಂತ ಕಾಣ್ತದೆ. ಬಾಟ್ಲಿಯ ಮುಚ್ಚಳ ಸಡಿಲ ಇತ್ತು. ಮನೆಗೆ ಮುಟ್ಟುವಾಗ ಒಂದು ಗುಟುಕು ಉಳಿದದ್ದು. ನಾಯಿ ಚೀಲ ನೆಕ್ಕಿ ಖುಷಿಯಲ್ಲಿ ಉಂಟು.”

ಅಚ್ಚುತ ಕುಣಿಯುವುದೊಂದು ಬಾಕಿ. “ಮಾವ! ಅದನ್ನೇ ಅಂಗಡಿಯ ನಂಬರಿಗೆ ವಾಟ್ಸಾಪ್ ಮಾಡಿ! ಕಾಲಿಗೆ ಬೀಳ್ತೇನೆ!”

“ಎಂತ ಹೇಳುದು ನೀನು? ಅಳಿಯ ಇರುವ ಅಂಗಡಿಗೆ ದೂರು ಕೊಡುದಾ?”

“ಕೊಡ್ಲೇಬೇಕು. ಮೂರು ಜನರ ಕೆಲಸ ಉಳಿತದೆ.”

ಬೋಜ ಮಾವನಿಗೆ ತಲೆಬುಡ ಅರ್ಥವಾಗದಿದ್ದರೂ ಮೂರು ಜನರ ಕೆಲಸ ಎಂದ ಮೇಲೆ ಒಪ್ಪಿದರು. ನಾವು ಪರದೆಯ ಮುಂದೆ ಕೂತೆವು. ಬರಲಿಲ್ಲ. ಗುತ್ತಿಗಾರು ಎಂದ ಮೇಲೆ ರೇಂಜ್ ಇಲ್ಲದಿರಬಹುದು. ಅಚ್ಚುತ ಮತ್ತೆ ಫೋನು ಮಾಡಿದ. ಕಳಿಸಿದ್ದೇನೆ ಎಂದರು. ಬರಲಿಲ್ಲ ಮಾವ, ಇನ್ನೊಂದು ಸಲ ಕಳಿಸಿ ಎಂದ. ಅದೂ ಬರಲಿಲ್ಲ. ಶನಿವಾರ ಬೋಜ ಮಾವ ರೇಂಜ್ ಸಿಗುವ ಗುಡ್ಡ ಹತ್ತಿ ಕಳಿಸಿದರು. ಆನೆ ಇಳಿಯುವ ಜಾಗವದು. ಹಾಗಾಗಿ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪಟಾಕಿ.

ಪರದೆ ಬೆಳ್ಳಗೆ.

“ಬರ್ಲಿಲ್ಲ ಮಾವ.”

ಈಗ ಮಾವನ ದನಿ ಬೇರೆಯೇ ಆಗಿತ್ತು. “ಅಚ್ಚುತಾ, ಎರಡು ಗೆರೆ ಬಿದ್ದದ್ದು ನನ್ನ ಕಣ್ಣಿಗೆ ಕಾಣ್ತದೆ. ಸಂದೇಶ ಮುಟ್ಟಿದೆ. ದೂರು ಬೇಕು ಅಂತ ಕಾಲಿಗೆ ಬಿದ್ದದ್ದೂ ನೀನೇ, ಕೊಟ್ರೆ ಸಿಕ್ಕಿಲ್ಲ ಅಂತ ಹೇಳುದೂ ನೀನೇ. ಮಾವನನ್ನು ಆಟ ಆಡಿಸುದಾ? ಆ ಸಿರಪ್ ಹೋದದ್ದಕ್ಕೆ ನನಗೆ ಬೇಜಾರಿರ್ಲಿಲ್ಲ. ಈಗ ಉಂಟು! ಭಾನುವಾರ ನಿನ್ನ ಸಭೆ ಎಲ್ಲಿ? ನಾನೇ ಬರ್ತೇನೆ!”

ಭಾನುವಾರ ಸಭಾಭವನ ತುಂಬಿತ್ತು. ಹಿಂದಿನ ಊಟದ ಹಾಲಿನಿಂದ ಗಸಿಯ ಪರಿಮಳ. ಇಬ್ರಾಹಿಂ ಬ್ಯಾರಿಯವರು ಇಸ್ತ್ರಿ ಷರ್ಟಿನಲ್ಲಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಸೊಸೆಯ ಆಫೀಸಿಗೆ ಸನ್ಮಾನ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಅವರನ್ನು ನೋಡಿ ನಶೀದಾ ನನ್ನ ಕೈ ಹಿಡಿದಳು.

ಮಶೂದ್‌ಗೆ ಶಾಲು ಹೊದೆಸಿದರು. ಅಧ್ಯಕ್ಷರು ಹಾರ ಹಾಕುವಾಗ ಅವನ ಕಿವಿಯಲ್ಲಿ ಏನೋ ಹೇಳಲು ಬಾಗಿ, ಫೋಟೋದವನು ನೋಡಿದ ಕೂಡಲೇ ನೆಟ್ಟಗಾಗಿ ನಕ್ಕರು. ಆಮೇಲೆ ಮೈಕಿನ ಮುಂದೆ, “ಇಂಥ ಸಂಸ್ಥೆ ನಮ್ಮಲ್ಲಿರುವುದು ಹೆಮ್ಮೆ. ಸಣ್ಣಪುಟ್ಟದ್ದು ಎಲ್ಲ ಕಡೆಯೂ ಇರ್ತದೆ. ಸೀಟಿ ಹೊಡೆಯದಿದ್ದರೂ ಅನ್ನ ಬೇಯ್ತದೆ” ಎಂದರು. ಇದು ಯಾವ ಕವಿಯ ಸಾಲಿರಬಹುದೆಂದು ನನ್ನ ಪಕ್ಕದವರು ಯೋಚಿಸಿದರು.

ಅಚ್ಚುತನ ಸರದಿ. ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ನಮ್ಮ ವ್ಯೂ ಬಂತು. ಮೂರು ಖಾನೆ, ಕೆಳಗೆ ಏನೂ ಇಲ್ಲ. ಕಂಪ್ಯೂಟರಿನ ಮುಂದೆ ನಶೀದಾ ಕೂತಿದ್ದಳು, ಅವನು ಹೇಳಿದ್ದನ್ನು ಒತ್ತಲು. ಅವನು ಮೈಕು ಹಿಡಿದು ಬಾಯಿ ತೆರೆದ. ಮಾತು ಬರಲಿಲ್ಲ. ಖಾಲಿ ಪರದೆಯ ಮುಂದೆ ಖಾಲಿ ಮನುಷ್ಯ. ಜನ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಆಗ ಹಿಂದಿನ ಸಾಲಿನಲ್ಲಿ ಬಿಳಿ ಪಂಚೆಯ ಒಬ್ಬರು ಎದ್ದರು. ಕಂಕುಳಲ್ಲಿ ಒಂದು ಬಟ್ಟೆಯ ಚೀಲ.

“ನಾನು ಬೋಜ ಗೌಡ, ಗುತ್ತಿಗಾರಿನಿಂದ. ಅಧ್ಯಕ್ಷರೇ, ನಮಸ್ಕಾರ. ಊಟ ಆಯ್ತಾ?”

“ಇನ್ನು ಆಗಬೇಕಷ್ಟೆ” ಎಂದರು ಅಧ್ಯಕ್ಷರು, ಗಂಭೀರವಾಗಿ.

“ಆಗ್ಲಿ, ನಿಧಾನ ಆಗ್ಲಿ. ಈಚೆ ಮಳೆ ಇಲ್ಲ ಅಂತ ಕಾಣ್ತದೆ, ನಮ್ಮಲ್ಲಿ ಒಂದು ಸಲ ಬಂತು. ಎಲ್ಲರೂ ಸೌಖ್ಯ ಅಲ್ವಾ? ಹಾಂ. ವಿಷಯ ಎಂತ ಅಂದ್ರೆ, ಈ ಅಂಗಡಿಗೆ ದೂರೇ ಇಲ್ಲ ಅಂತ ಹೇಳುದು ಸುಳ್ಳು!”

ಇಡೀ ಸಭೆ ಹಿಂದಕ್ಕೆ ತಿರುಗಿತು.

“ನಾನು ಮೂರು ಸಲ ಕೊಟ್ಟಿದ್ದೇನೆ. ಬೇಕಾದ್ರೆ ಓದ್ತೇನೆ.” ಫೋನನ್ನು ಕೈಯಳತೆಯಷ್ಟು ದೂರ ಹಿಡಿದು ಓದಿದರು. “ಅಚ್ಚುತಾ, ಊಟ ಆಯ್ತಾ? ಇಲ್ಲಿ ಮಳೆ ಹಿಡಿದಿದೆ. ಅಕ್ಕು ಅತ್ತೆಗೆ ಸೊಂಟನೋವು ಕಡಿಮೆ ಉಂಟು, ನಿನ್ನನ್ನು ಕೇಳ್ತಾ ಇದ್ಳು. ಮತ್ತೆ ಆ ಸಿರಪ್ ಬಾಟ್ಲಿಯ ಮುಚ್ಚಳ...”

ನಶೀದಾಳ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ನನ್ನ ತರ್ಕಶಾಸ್ತ್ರ ಆ ಗಳಿಗೆಯಲ್ಲಿ, ಇಷ್ಟು ವರ್ಷ ತಡವಾಗಿ, ಮನೆಗೆ ಬಂತು.

“ಒತ್ತು!” ಎಂದು ನಾನು ಅಲ್ಲಿಂದಲೇ ಕೂಗಿದೆ. ಸಭೆಯಲ್ಲಿ ನಾನು ಕೂಗಿದ್ದು ಅದೇ ಮೊದಲು!

ಅವಳು ‘ಸುಮ್ಮನೆ ಮಾತು’ ತೆರೆದಳು.

ಅಬ್ಬಾ! ಅಟ್ಟದ ಮೇಲಿನ ತೆಂಗಿನಕಾಯಿ ಒಟ್ಟಿಗೆ ಉರುಳಿದ ಹಾಗೆ! ಪರದೆ ಮೇಲಿಂದ ಕೆಳಗೆ ತುಂಬಿತು, ಎಳೆದಷ್ಟೂ ಮುಗಿಯಲಿಲ್ಲ. ಅಚ್ಚುತ ಮೈಕನ್ನು ಬಾಯಿಯಿಂದ ತೆಗೆಯುವುದನ್ನು ಮರೆತು ಓದತೊಡಗಿದ, ಇಡೀ ಭವನಕ್ಕೆ ಕೇಳಿಸುವ ಹಾಗೆ.

“ಪ್ರೇಮಕ್ಕ, ಊಟ ಆಯ್ತಾ? ನಮ್ಮದು ಈಗ ಆಯ್ತು. ಕಾವಲಿಯ ಹಿಡಿ ಬಿದ್ದುಹೋಗಿದೆ. ಪರ್ವಾಗಿಲ್ಲ, ಇಕ್ಕಳದಲ್ಲಿ ಹಿಡಿತೇವೆ. ಆದ್ರೂ ಹೇಳಿದ್ದು... ಸೌಖ್ಯವಾ? ಆಚೆ ಮಳೆ ಉಂಟಾ? ಇಲ್ಲಿ ಉಂಟು. ಕೊಡೆ ಬಂದಿದೆ, ಕಡ್ಡಿ ಮಾತ್ರ, ಬಟ್ಟೆ ಇಲ್ಲ. ಅರ್ಜೆಂಟಿಲ್ಲ... ನಮಸ್ಕಾರ, ಊಟ ಆಯ್ತಾ? ನಾನು ವರ್ತಕರ ಸಂಘದ ಅಧ್ಯಕ್ಷ. ಕುಕ್ಕರ್ ಸೀಟಿ ಹೊಡೆಯುದಿಲ್ಲ...”

ಎಲ್ಲರೂ ಅಧ್ಯಕ್ಷರತ್ತ ತಿರುಗಿದರು. ಅವರು ಹಣ್ಣಿನ ಬುಟ್ಟಿಯನ್ನು ಪರೀಕ್ಷಿಸತೊಡಗಿದರು.

“ನನ್ನದೂ ಉಂಟು ನೋಡಿ ಅದ್ರಲ್ಲಿ!” ಎಂದು ಒಬ್ಬರು ಎದ್ದರು. “ನನ್ನದು ಅದರ ಕೆಳಗೆ!” ಎಂದು ಇನ್ನೊಬ್ಬರು. ಇಷ್ಟು ದಿನ ಬಾಯಿಗೆ ಮರ್ಯಾದೆಯ ಬೀಗ ಹಾಕಿದ್ದ ಜನ, ತಮ್ಮ ಸಂದೇಶ ಗೋಡೆಯಷ್ಟು ದೊಡ್ಡದಾಗಿ ಕಾಣಿಸಿಕೊಂಡ ಕೂಡಲೇ ಮದುವೆಯ ಫೋಟೋದಲ್ಲಿ ತಮ್ಮನ್ನು ಹುಡುಕುವ ಉತ್ಸಾಹದಲ್ಲಿ ಮುಂದೆ ಬಂದರು.

ಮುಂದಿನ ಸಂದೇಶವನ್ನು ಅಚ್ಚುತ ಓದಲಿಲ್ಲ. ಮಶೂದ್ ತಾನೇ ಹತ್ತಿರ ಹೋಗಿ ಓದಿದ.

‘ಮಕ್ಕಳೇ, ಚಾ ಆಯ್ತಾ? ನಾನು ಐಸಮ್ಮ. ತಟ್ಟೆ ಹೇಳಿದ್ದೆ, ಮುಚ್ಚಳಗಳು ಬಂದಿವೆ. ನೆಂಟರು ಬರುವ ಮೊದಲು ತಟ್ಟೆ ಬಂದಿದ್ದರೆ ಒಳ್ಳೆದಿತ್ತು. ಇರ್ಲಿ, ಎಲೆ ಹಾಕಿದೆವು. ಮಶೂದ್‌ಗೆ ಹೇಳ್ಬೇಡಿ, ಅವನಿಗೆ ಮೊದಲೇ ತಲೆಬಿಸಿ.’

“ಇದು ನನ್ನ ಉಮ್ಮ” ಎಂದ ಮಶೂದ್, ತಾಯಿಯ ಹೆಸರನ್ನು ನೋಡುತ್ತಾ, ಯಾರಿಗೆಂದಿಲ್ಲದೆ.

ಅಚ್ಚುತ ಮೈಕು ಕೆಳಗಿಟ್ಟ. “ಸರ್, ತಪ್ಪು ನನ್ನದು. ಊಟ ಕೇಳಿದವರನ್ನೆಲ್ಲ ಕಸ ಅಂತ ಗುಡಿಸಿದ್ದು ನಾನೇ. ಹೋಗುದಾದ್ರೆ ನಾನು ಹೋಗ್ತೇನೆ. ಇವರು ಮೂವರು ಇರ್ಲಿ.”

ಮಶೂದ್ ಹೆಗಲ ಶಾಲನ್ನು ತೆಗೆದು ಕುರ್ಚಿಯ ಮೇಲೆ ಹಾಕಿದ. “ಹೋಗುದೆಲ್ಲಿಗೆ? ಇಷ್ಟಕ್ಕೆಲ್ಲ ಉತ್ತರ ಕೊಡುದು ಯಾರು, ನಿಮ್ಮ ಮಾವನಾ?” ಎಂದು, ಭವಿತಾಳ ಕಡೆ ತಿರುಗಿದ. “ಮೂರು ಜನ ಸಾಕಾ?”

“ಮೂರು ಸಾಕಾಗ್ಲಿಕ್ಕಿಲ್ಲ ಸರ್. ಅಚ್ಚುತಣ್ಣನೂ ಕೂತ್ಕೊಳ್ಬೇಕು.”

“ಹಾಗಾದ್ರೆ ನಾಲ್ಕೂ ಜನ ಕೂತ್ಕೊಳ್ಳಿ. ಈ ತಿಂಗಳು, ಬರುವ ತಿಂಗಳು ಅಂತ ಇನ್ನು ಮಾತಿಲ್ಲ.”

ಮುಂದಿನ ಸಾಲಿನಿಂದ ಜೋರಾಗಿ ಚಪ್ಪಾಳೆ ಕೇಳಿಸಿತು. ಇಬ್ರಾಹಿಂ ಬ್ಯಾರಿಯವರು ಒಬ್ಬರೇ ತಟ್ಟುತ್ತಿದ್ದರು. ಏನಾಯಿತೆಂದು ಅವರಿಗೆ ಆಗಲೂ ಗೊತ್ತಿರಲಿಲ್ಲ. ಆದರೆ ಪರದೆಯನ್ನು ಒತ್ತಿದ್ದು ತಮ್ಮ ಮನೆಯ ಆಫೀಸರ್ ಎಂಬುದನ್ನು ಅವರು ಕಂಡಿದ್ದರು.

ನಾವು ಊಟದ ಹಾಲಿನ ಮೂಲೆಯಲ್ಲಿ ಒಂದು ಮೇಜು ಹಾಕಿಸಿ ಅಲ್ಲೇ ಕೆಲಸಕ್ಕೆ ಕೂತೆವು. ಗಿರಾಕಿಗಳು ಕೈ ತೊಳೆಯಲು ಹೋಗುವ ದಾರಿಯಲ್ಲಿ ನಮ್ಮ ಮೇಜಿನ ಹತ್ತಿರ ನಿಂತು, “ನನ್ನದಕ್ಕೆ ನಿಧಾನ ಸಾಕು ಆಯ್ತಾ, ಮೊದಲು ಆ ಕೊಡೆಯವರದ್ದು ನೋಡಿ” ಎಂದು ಹೇಳಿ ಹೋದರು. ಭವಿತಾಳಿಗೂ ನಶೀದಾಳಿಗೂ ನನಗೂ ಬಡಿಸುವವರು ತಟ್ಟೆಯನ್ನು ಮೇಜಿಗೇ ತಂದುಕೊಟ್ಟರು. ಅಚ್ಚುತ ಬೇಡವೆಂದ. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು, ಪಾತ್ರೆಗಳನ್ನು ತೊಳೆಯಲು ಒಯ್ದರು, ಅವನು ಏಳಲಿಲ್ಲ. ನಾನು ಪಕ್ಕದಿಂದ ಇಣುಕಿದೆ. ಪ್ರತಿ ಉತ್ತರದ ಮೊದಲ ಸಾಲಿನಲ್ಲೂ ಅವನು ಒಂದೇ ಮಾತು ಟೈಪ್ ಮಾಡುತ್ತಿದ್ದ: ನಿಮ್ಮದು ಊಟ ಆಯ್ತಾ?

ಆಗ ಬೋಜ ಮಾವ ಬಂದರು. ಅವರದ್ದು ಊಟ ಸಂಘದವರ ಪಂಕ್ತಿಯಲ್ಲೇ ಆಗಿತ್ತು. ಈ ಸಲ ಅವರು ಊಟ ಆಯ್ತಾ ಎಂದು ಕೇಳಲಿಲ್ಲ. ಕಂಕುಳ ಚೀಲದಿಂದ, ದಾರಿಗೆಂದು ಅಕ್ಕು ಅತ್ತೆ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಬಾಳೆಲೆಯ ಕಟ್ಟನ್ನು ತೆಗೆದರು. ಕೀಬೋರ್ಡನ್ನು ಸ್ವಲ್ಪ ಆಚೆ ಸರಿಸಿ, ಕಟ್ಟನ್ನು ಅಳಿಯನ ಮುಂದೆ ಇಟ್ಟು, ನಾರಿನ ಗಂಟು ಬಿಚ್ಚಿದರು. ಕೆಂಡದ ಮೇಲೆ ಬಾಡಿದ ಎಲೆಯ ಪರಿಮಳ ಮೇಜಿನ ಸುತ್ತ ಹರಡಿತು. ಅಚ್ಚುತ ತಲೆಯೆತ್ತುವಷ್ಟರಲ್ಲಿ ಅವರು ಬಸ್ಸಿಗೆ ಹೊರಟಾಗಿತ್ತು.